ಯಾರೂ ಉಳಿದಿಲ್ಲ ಅಂದವರು ಯಾರು?

ಮೆಲ್ಬರ್ನ್‌ನಿಂದಲೋ ಸಿಡ್ನಿಯಿಂದಲೋ ಕನ್ನಡದ ಗೆಳೆಯರು ರಜೆಗೆ ನಮ್ಮ ಮನೆಗೆ ಬಂದರೆ, ಊಟಕ್ಕೆ ಕೂತಾಗ ಈ ಮಾತು ಬಂದೇ ಬರುತ್ತದೆ: "ಟಾಸ್ಮೇನಿಯಾದ ಮೂಲನಿವಾಸಿಗಳು ಒಬ್ಬರೂ ಉಳಿಯಲಿಲ್ಲವಂತಲ್ಲ, ಪಾಪ." ಬಸ್ಸಿನಲ್ಲೂ ಕೇಳಿದ್ದೇನೆ. ಕ್ರೂಸ್ ಹಡಗಿನಿಂದ ಇಳಿದ ಪ್ರವಾಸಿಗರು ನನ್ನ ಹಿಂದಿನ ಸೀಟಿನಲ್ಲಿ ಕೂತು ಒಬ್ಬರಿಗೊಬ್ಬರು ಇದನ್ನೇ ಹೇಳಿಕೊಳ್ಳುತ್ತಾರೆ. ಮರುಕದಿಂದಲೇ ಹೇಳುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ನಿಜ ಅಲ್ಲ. 2021ರ ಜನಗಣತಿಯಲ್ಲಿ ಈ ರಾಜ್ಯದ 30,000ಕ್ಕೂ ಹೆಚ್ಚು ಜನ ತಾವು ಮೂಲನಿವಾಸಿಗಳು ಎಂದು ಬರೆಸಿದ್ದಾರೆ.

ನಾನು ಆಸ್ಟ್ರೇಲಿಯಾದ ದ್ವೀಪ ರಾಜ್ಯ ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟ್‌ನಲ್ಲಿ ಬಸ್ ಓಡಿಸುತ್ತೇನೆ. ಈ ಊರಿನ ರಸ್ತೆ, ಸೇತುವೆ, ಪಾರ್ಕುಗಳ ಹೆಸರು ದಿನವಿಡೀ ಕಣ್ಣಿಗೆ ಬೀಳುತ್ತವೆ. ಕಾಲಿನ್ಸ್, ಡೇವಿ, ಆರ್ಥರ್, ಬೋವೆನ್, ಫ್ರ್ಯಾಂಕ್ಲಿನ್. ಎಲ್ಲರೂ ಬ್ರಿಟನ್ನಿನಿಂದ ಇಲ್ಲಿಗೆ ಆಳಲು ಬಂದವರು. ಇವರೆಲ್ಲ ಯಾರು ಎಂದು ಓದುತ್ತಾ ಹೋದಂತೆ ನನಗೆ ಒಂದು ವಿಷಯ ಖಚಿತವಾಯಿತು. ಇಲ್ಲಿ ಕೊಲೆಗಳಾದವು, ಯುದ್ಧವಾಯಿತು, ಜನರನ್ನು ಅವರದೇ ನೆಲದಿಂದ ಗಡೀಪಾರು ಮಾಡಲಾಯಿತು. ಇಷ್ಟೆಲ್ಲ ಆದ ಮೇಲೂ ಜನ ಉಳಿದರು. ಉಳಿದವರನ್ನು ಲೆಕ್ಕದಿಂದ ಹೊರಗೆ ಹಾಕಲು ಹುಟ್ಟಿದ್ದೇ "ಕೊನೆಯವರು ಸತ್ತುಹೋದರು" ಎಂಬ ಕತೆ. ಸತ್ತುಹೋದವರು ಬಂದು ಜಮೀನು ಕೇಳುವುದಿಲ್ಲ ಅಲ್ವಾ?

ಊರಿನ ನಡುವೆ ಇರುವ ಫ್ರ್ಯಾಂಕ್ಲಿನ್ ಸ್ಕ್ವೇರ್ ಪಾರ್ಕಿನ ಪಕ್ಕದಲ್ಲೇ ನಮ್ಮ ಬಸ್ಸುಗಳು ನಿಲ್ಲುವುದು. ಅಲ್ಲಿ 1889ರಿಂದ ವಿಲಿಯಂ ಕ್ರೌಥರ್ ಎಂಬ ಡಾಕ್ಟರನ ಕಂಚಿನ ಪ್ರತಿಮೆ ಇತ್ತು. ಈತ 1878ರಲ್ಲಿ ಟಾಸ್ಮೇನಿಯಾದ ಪ್ರೀಮಿಯರ್ ಕೂಡ ಆದವನು. ಇಲ್ಲಿ ರಾಜ್ಯದ ಮುಖ್ಯಮಂತ್ರಿಯನ್ನು ಹಾಗೆ ಕರೆಯುತ್ತಾರೆ. ಆದರೆ ಈಗ ಜನ ಅವನನ್ನು ನೆನೆಯುವುದು ಬೇರೆ ಕಾರಣಕ್ಕೆ.

ವಿಲಿಯಂ ಲ್ಯಾನ್ ಎಂಬ ಮೂಲನಿವಾಸಿ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ನಾವಿಕನಾಗಿದ್ದ. 1842ರಲ್ಲಿ ಅವನ ಇಡೀ ಕುಟುಂಬವನ್ನು ಪಶ್ಚಿಮ ಕರಾವಳಿಯಿಂದ ಹಿಡಿದು ತಂದಾಗ ಅವನು ಚಿಕ್ಕ ಹುಡುಗ. ಅನಾಥಾಲಯದಲ್ಲಿ ಬೆಳೆದ. ದೊಡ್ಡವನಾದ ಮೇಲೆ, ಹೋಬಾರ್ಟ್‌ನ ದಕ್ಷಿಣದ ಆಯ್ಸ್ಟರ್ ಕೋವ್ ಬಿಡಾರದಲ್ಲಿದ್ದ ತನ್ನ ಜನರ ಹೆಂಗಸರಿಗೆ ಸರಿಯಾದ ರೇಷನ್ ಕೊಡುತ್ತಿಲ್ಲ ಎಂದು ಅಧಿಕಾರಿಗಳ ಹತ್ತಿರ ಹೋಗಿ ದೂರಿದ. 1869ರ ಮಾರ್ಚ್ 3ರಂದು ಹೋಬಾರ್ಟ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡ. ವಯಸ್ಸು ಮೂವತ್ತರ ಆಚೀಚೆ, ಅಷ್ಟೇ. "ಕೊನೆಯ ಟಾಸ್ಮೇನಿಯನ್ ಗಂಡಸು" ಎಂದು ಪತ್ರಿಕೆಗಳು ಬರೆದವು. ಹಾಗೆ ಬರೆದ ತಕ್ಷಣ ಅವನ ಎಲುಬುಗಳಿಗೆ ಬೆಲೆ ಬಂತು. ಲಂಡನ್ನಿನ ಸರ್ಜನ್‌ಗಳ ಕಾಲೇಜಿಗೂ ಬೇಕು, ಇಲ್ಲಿನ ವಿಜ್ಞಾನ ಸಂಘವಾದ ರಾಯಲ್ ಸೊಸೈಟಿಗೂ ಬೇಕು. ಕ್ರೌಥರ್ ಆಸ್ಪತ್ರೆಯ ಶವಾಗಾರಕ್ಕೆ ಹೋಗಿ, ಚರ್ಮ ಸೀಳಿ ತಲೆಬುರುಡೆ ತೆಗೆದು, ಆ ಜಾಗದಲ್ಲಿ ಬೇರೊಂದು ಹೆಣದ ಬುರುಡೆ ತುರುಕಿದ. ಇದು ಗೊತ್ತಾದಾಗ ರಾಯಲ್ ಸೊಸೈಟಿಯ ಕಡೆಯವರು ಏನು ಮಾಡಿದರು ಗೊತ್ತಾ? ಉಳಿದದ್ದಾದರೂ ಕೈತಪ್ಪದಿರಲಿ ಎಂದು ಶವದ ಕೈ ಕಾಲುಗಳನ್ನು ಕತ್ತರಿಸಿ ಇಟ್ಟುಕೊಂಡರು. ಲ್ಯಾನ್‌ನ ಜತೆ ಹಡಗಿನಲ್ಲಿ ದುಡಿದವರು ಹೆಗಲು ಕೊಟ್ಟು ಸಮಾಧಿಗೆ ಒಯ್ದ ಪೆಟ್ಟಿಗೆಯಲ್ಲಿ ಇದ್ದದ್ದು ಅಷ್ಟು.

ಕ್ರೌಥರ್‌ನನ್ನು ಆಸ್ಪತ್ರೆಯಿಂದ ಅಮಾನತು ಮಾಡಿದರು. ಅದಾಗಿ ಹತ್ತು ವರ್ಷದೊಳಗೆ ಅವನು ಪ್ರೀಮಿಯರ್. ಸತ್ತ ಮೇಲೆ ಪ್ರತಿಮೆ.

ಪ್ರತಿಮೆ ತೆಗೆಯಿರಿ ಎಂದು ಇಲ್ಲಿನ ಮೂಲನಿವಾಸಿಗಳು ಬಹಳ ಕಾಲ ಕೇಳಿದರು. 2022ರ ಆಗಸ್ಟ್‌ನಲ್ಲಿ ನಗರಸಭೆ ತೆಗೆಯಲು ತೀರ್ಮಾನಿಸಿತು. ಆಮೇಲೂ ತಕರಾರು, ಮೇಲ್ಮನವಿ ಎಂದು ಎಳೆಯಿತು. ಎಲ್ಲ ಮುಗಿದು ಇನ್ನೇನು ಇಳಿಸಬೇಕು ಅನ್ನುವಾಗ, 2024ರ ಮೇ ತಿಂಗಳ ಒಂದು ರಾತ್ರಿ ಯಾರೋ ಅದರ ಕಾಲನ್ನು ಹರಡಿನ ಹತ್ತಿರ ಕತ್ತರಿಸಿ ಕೆಡವಿಬಿಟ್ಟರು. ಪೀಠದ ಮೇಲೆ ಪಾದಗಳಷ್ಟೇ ಉಳಿದವು. ಆ ವಾರ ಸ್ಟಾಪಿನಲ್ಲಿ ಹತ್ತಿದವರಲ್ಲಿ ಕೆಲವರಿಗೆ ಸಿಟ್ಟು, ಕೆಲವರಿಗೆ ಖುಷಿ. ಇತಿಹಾಸ ಅಳಿಸುತ್ತಿದ್ದಾರೆ ಎಂದು ಒಬ್ಬರು ನನಗೇ ಹೇಳಿದರು. ನನಗೆ ಹಾಗೆ ಕಾಣುವುದಿಲ್ಲ. ಪ್ರತಿಮೆ ನಿಂತಿದ್ದ ಅಷ್ಟೂ ವರ್ಷ ಲ್ಯಾನ್‌ನ ಹೆಸರು ಗೊತ್ತಿದ್ದವರು ಕಡಿಮೆ. ತೆಗೆಯುವ ಜಗಳ ಶುರುವಾದ ಮೇಲೆ ಬಸ್ಸಿನಲ್ಲಿ ಕೂತ ಸ್ಕೂಲ್ ಮಕ್ಕಳೂ ಅವನ ಬಗ್ಗೆ ಮಾತಾಡಿದ್ದನ್ನು ಕೇಳಿದ್ದೇನೆ.

ಲ್ಯಾನ್‌ಗೆ ಆದದ್ದನ್ನು ಕೇಳಿ ಹೆದರಿದವರು ಟ್ರುಗಾನಿನಿ. ಈ ಹೆಸರು ನೀವೂ ಕೇಳಿರಬಹುದು. ಪುಸ್ತಕಗಳಲ್ಲಿ "ಕೊನೆಯ ಟಾಸ್ಮೇನಿಯನ್" ಎಂದು ಫೋಟೋ ಹಾಕುವುದು ಅವರದೇ. ಸುಮಾರು 1812ರಲ್ಲಿ ಬ್ರೂನಿ ದ್ವೀಪದಲ್ಲಿ ಹುಟ್ಟಿದವರು. ತಾಯಿಯನ್ನು ಬಿಳಿಯರು ಕೊಂದರು, ಅಕ್ಕನನ್ನು ಸೀಲ್ ಬೇಟೆಗಾರರು ಎತ್ತಿಕೊಂಡು ಹೋದರು, ಮದುವೆಯಾಗಬೇಕಿದ್ದ ಹುಡುಗನನ್ನು ಮರ ಕಡಿಯುವವರು ಕೊಂದರು. ಇಷ್ಟಾದ ಮೇಲೂ ಅವರು ಅರವತ್ತು ದಾಟುವವರೆಗೆ ಬದುಕಿದರು. ಸಾಯುವ ಮುಂಚೆ ಕೇಳಿದ್ದು ಒಂದೇ: ನನ್ನ ದೇಹವನ್ನು ಕೊಯ್ಯಬೇಡಿ, ಬ್ರೂನಿ ದ್ವೀಪದ ಪಕ್ಕದ ಕಡಲ ಕಾಲುವೆಯಲ್ಲಿ ಬಿಟ್ಟುಬಿಡಿ. 1876ರ ಮೇ 8ರಂದು ತೀರಿಕೊಂಡರು. ಹೆಂಗಸರ ಜೈಲಾಗಿದ್ದ ಕ್ಯಾಸ್ಕೇಡ್ಸ್‌ನ ಆವರಣದಲ್ಲಿ ಹೂತರು. ಎರಡು ವರ್ಷದ ನಂತರ ಅಗೆದು ತೆಗೆದರು. 1904ರಿಂದ 1947ರವರೆಗೆ ಅವರ ಅಸ್ಥಿಪಂಜರ ಹೋಬಾರ್ಟ್‌ನ ಮ್ಯೂಸಿಯಂನಲ್ಲಿ ಜನರು ನೋಡಲೆಂದು ನಿಂತಿತ್ತು. ಅವರು ಕೇಳಿದ್ದು ನಡೆದದ್ದು 1976ರಲ್ಲಿ, ತೀರಿಕೊಂಡು ನೂರು ವರ್ಷ ತುಂಬಲು ಸುಮಾರು ಒಂದು ವಾರ ಇರುವಾಗ. ಮೂಲನಿವಾಸಿಗಳು ಹೋರಾಡಿ ಎಲುಬುಗಳನ್ನು ಬಿಡಿಸಿಕೊಂಡು, ಸುಟ್ಟು, ಬೂದಿಯನ್ನು ಅದೇ ಕಾಲುವೆಗೆ ಬಿಟ್ಟರು. 2002ರಲ್ಲಿ ಅವರ ಕೂದಲು ಮತ್ತು ಚರ್ಮದ ತುಣುಕುಗಳು ಲಂಡನ್ನಿನ ಆ ಕಾಲೇಜಿನಲ್ಲೇ ಸಿಕ್ಕವು. ಅವನ್ನೂ ವಾಪಸ್ ತಂದರು.

ತಂದವರು ಯಾರು? ಬೂದಿ ಬಿಟ್ಟವರು ಯಾರು? ಎಲ್ಲರೂ ಸತ್ತುಹೋಗಿದ್ದರೆ ಈ ಕೆಲಸ ಯಾರು ಮಾಡುತ್ತಿದ್ದರು? ಮನೆಗೆ ಬಂದವರಿಗೆ ನಾನು ಮೊದಲು ಕೇಳುವುದು ಇದನ್ನೇ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ನೆಲದಲ್ಲಿ ಮನುಷ್ಯರು ಕನಿಷ್ಠ 40,000 ವರ್ಷಗಳಿಂದ ಇದ್ದಾರೆ. ಆಗ ಇದು ದ್ವೀಪವಾಗಿರಲಿಲ್ಲ. ಹಿಮಯುಗ ಮುಗಿದು ಸಮುದ್ರ ಏರಿ, ಸುಮಾರು 12,000 ವರ್ಷಗಳ ಹಿಂದೆ ಆಸ್ಟ್ರೇಲಿಯಾದ ದೊಡ್ಡ ನೆಲದಿಂದ ಬೇರೆಯಾಯಿತು. ನಡುವೆ ಬಾಸ್ ಜಲಸಂಧಿ ಬಂತು. ಒಂಬತ್ತು ನಾಡುಗಳು, ಹಲವು ಭಾಷೆಗಳು. ಅಬೆಲ್ ಟಾಸ್ಮನ್ 1642ರಲ್ಲಿ ಬಂದು ತನ್ನ ಯಜಮಾನನ ಹೆಸರಿನಲ್ಲಿ ವ್ಯಾನ್ ಡೀಮನ್ಸ್ ಲ್ಯಾಂಡ್ ಎಂದು ಕರೆದ. ಟಾಸ್ಮೇನಿಯಾ ಎಂಬ ಹೆಸರು ಬಂದದ್ದು 1856ರಲ್ಲಿ. ಇಲ್ಲಿನವರು ಇದನ್ನು ಲುಟ್ರುವಿಟಾ ಅನ್ನುತ್ತಾರೆ. ಚಳಿಗಾಲದಲ್ಲಿ ಹಿಮ ಹೊತ್ತು ಊರಿನ ಹಿಂದೆ ನಿಲ್ಲುವ ವೆಲಿಂಗ್ಟನ್ ಬೆಟ್ಟಕ್ಕೆ ಕುನಾನ್ಯಿ ಎಂಬ ಹೆಸರೂ 2013ರಿಂದ ಅಧಿಕೃತ. ರಸ್ತೆಯ ಬೋರ್ಡಿನಲ್ಲಿ ಎರಡೂ ಇವೆ.

ನದಿಯ ಪೂರ್ವ ದಂಡೆಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಬೋವೆನ್ ಸೇತುವೆ ಸಿಗುತ್ತದೆ. ಅದರ ಹತ್ತಿರದಲ್ಲೇ ರಿಸ್ಡನ್ ಕೋವ್. ಸಣ್ಣ ಹೊಳೆಯೊಂದು ಡರ್ವೆಂಟ್ ನದಿಗೆ ಸೇರುವ ಜಾಗ. ಹುಲ್ಲು, ಒಂದಷ್ಟು ಮರ, ಪಿರಮಿಡ್ ಆಕಾರದ ಕಟ್ಟಡಗಳು, ಒಂದು ಹಳೆಯ ಕಲ್ಲಿನ ಸ್ಮಾರಕ. ಬಸ್ಸಿನಿಂದ ನೋಡಿದರೆ ಕಣ್ಣು ಮಿಟುಕಿಸುವುದರೊಳಗೆ ಹಿಂದೆ ಹೋಗಿರುತ್ತದೆ. 1803ರ ಸೆಪ್ಟೆಂಬರ್‌ನಲ್ಲಿ ಲೆಫ್ಟಿನೆಂಟ್ ಜಾನ್ ಬೋವೆನ್ ಸೈನಿಕರನ್ನೂ ಕೈದಿಗಳನ್ನೂ ಕರೆತಂದು ಬ್ರಿಟಿಷರ ಮೊದಲ ಬಿಡಾರ ಹೂಡಿದ್ದು ಇಲ್ಲಿ. ಜಾಗ ಮುಮಿರಿಮಿನಾ ಜನರದ್ದು.

1804ರ ಮೇ 3. ಅಂದು ಬೋವೆನ್ ಊರಲ್ಲಿರಲಿಲ್ಲ. ಲೆಫ್ಟಿನೆಂಟ್ ಮೂರ್ ಎಂಬವನ ಉಸ್ತುವಾರಿ. ಕಾಂಗರೂಗಳನ್ನು ಅಟ್ಟಿಸಿಕೊಂಡು ಸುಮಾರು 300 ಜನ ಗುಡ್ಡದಿಂದ ಇಳಿದು ಬಂದರು. ಹೆಂಗಸರು, ಮಕ್ಕಳು ಎಲ್ಲ ಸೇರಿ. ಯುದ್ಧಕ್ಕೆ ಹೊರಟವರು ಮಕ್ಕಳನ್ನು ಕರೆತರುವುದಿಲ್ಲ. ಸೈನಿಕರು ಗುಂಡು ಹಾರಿಸಿದರು, ಫಿರಂಗಿಯನ್ನೂ ಹಾರಿಸಿದರು. ಸತ್ತವರು ಮೂವರು ಎಂದು ಅಧಿಕಾರಿಗಳ ವರದಿ. ಆದರೆ ಆ ದಿನ ಹೊಲದಲ್ಲಿ ಅಗೆಯುತ್ತಿದ್ದ ಎಡ್ವರ್ಡ್ ವೈಟ್ ಎಂಬ ಕೈದಿ 1830ರಲ್ಲಿ ವಿಚಾರಣಾ ಸಮಿತಿಯ ಮುಂದೆ ಬೇರೆಯೇ ಹೇಳಿದ. ಅವರು ನಮ್ಮ ಮೇಲೆ ಬೀಳಲಿಲ್ಲ, ಬಹಳ ಜನ ಸತ್ತರು, ಎಷ್ಟು ಎಂದು ನನಗೆ ಗೊತ್ತಿಲ್ಲ, ಕೆಲವರ ಎಲುಬುಗಳನ್ನು ಪೀಪಾಯಿಗಳಲ್ಲಿ ತುಂಬಿ ಸಿಡ್ನಿಗೆ ಕಳಿಸಿದರು ಎಂದ. ಹಾಗಾದರೆ ಎಲುಬು ಕಳಿಸುವ ಕೆಲಸ ಕ್ರೌಥರ್‌ನಿಂದ ಶುರುವಾದದ್ದಲ್ಲ. ಬಂದ ಮೊದಲ ವರ್ಷವೇ ಶುರುವಾಗಿತ್ತು. ಅಂದು ಅಪ್ಪ ಅಮ್ಮನನ್ನು ಕಳೆದುಕೊಂಡ ಒಬ್ಬ ಪುಟ್ಟ ಹುಡುಗನನ್ನು ಬಿಡಾರದ ಡಾಕ್ಟರ್ ಇಟ್ಟುಕೊಂಡ. ಕೆಲವೇ ದಿನಗಳಲ್ಲಿ ದೀಕ್ಷೆ ಕೊಡಿಸಿ ರಾಬರ್ಟ್ ಹೋಬಾರ್ಟ್ ಮೇ ಎಂದು ಹೆಸರಿಟ್ಟರು. ಅವನ ಅಮ್ಮ ಅವನನ್ನು ಏನೆಂದು ಕರೆಯುತ್ತಿದ್ದಳು ಎಂಬುದು ಯಾವ ಕಾಗದದಲ್ಲೂ ಇಲ್ಲ.

ಆಮೇಲಿನ ಇಪ್ಪತ್ತು ವರ್ಷ ಬೇಗ ಹೇಳುತ್ತೇನೆ. ದ್ವೀಪದ ನಡುವಿನ ಬಯಲುಗಳಲ್ಲಿ ಒಳ್ಳೆಯ ಹುಲ್ಲು ಇತ್ತು. ತಾನಾಗಿ ಬಂದದ್ದಲ್ಲ. ಸಾವಿರಾರು ವರ್ಷ ಇಲ್ಲಿನವರು ಕಾಲ ನೋಡಿ ಬೆಂಕಿ ಇಟ್ಟು, ಕಾಂಗರೂ ಮೇಯಲೆಂದು ಕಾಪಾಡಿಕೊಂಡು ಬಂದ ಹುಲ್ಲುಗಾವಲು ಅದು. ಬ್ರಿಟಿಷರಿಗೆ ಅದು ಕುರಿ ಮೇಯಿಸಲು ಸಿದ್ಧವಾಗಿ ಸಿಕ್ಕಿತು. ಸರ್ಕಾರ ಜಮೀನು ಹಂಚಿತು, ಲಕ್ಷಗಟ್ಟಲೆ ಕುರಿ ಬಂದವು. ಕುರಿ ಕಾಯಲು ಬಂದವರು ಹೆಚ್ಚಾಗಿ ಕೈದಿಗಳು, ಕೈಯಲ್ಲಿ ಬಂದೂಕು. 1803ರಿಂದ 1853ರೊಳಗೆ 70,000ಕ್ಕೂ ಹೆಚ್ಚು ಕೈದಿಗಳನ್ನು ಬ್ರಿಟನ್ ಇಲ್ಲಿಗೆ ಸಾಗಿಸಿತು. ಅವರ ಪಾಡೂ ಕಠಿಣವೇ. ಆ ಕಾಲದ ಕೈದಿಗಳ ಜೈಲಿದ್ದ ಪೋರ್ಟ್ ಆರ್ಥರ್‌ಗೆ ಹೋದವರು ಅದನ್ನು ಕಣ್ಣಾರೆ ನೋಡುತ್ತಾರೆ. ನನ್ನ ನೋವು ಇಷ್ಟೇ: ಪೋರ್ಟ್ ಆರ್ಥರ್‌ನ ಕಾರ್ ಪಾರ್ಕ್ ತುಂಬಿರುತ್ತದೆ, ರಾತ್ರಿ ದೆವ್ವದ ಟೂರ್ ಕೂಡ ಇದೆ. ರಿಸ್ಡನ್ ಕೋವ್ ಎಲ್ಲಿದೆ ಎಂದು ನನ್ನ ಬಸ್ಸಿನಲ್ಲಿ ಕೇಳಿದವರು ತೀರಾ ಕಡಿಮೆ.

1824ರ ನಂತರ ನಡೆದದ್ದನ್ನು ಇಲ್ಲಿ ಬ್ಲ್ಯಾಕ್ ವಾರ್ ಅನ್ನುತ್ತಾರೆ. ವಸಾಹತಿನ ಕಡೆ 200ಕ್ಕೂ ಹೆಚ್ಚು ಜನ ಸತ್ತರು. ಮೂಲನಿವಾಸಿಗಳ ಕಡೆ ಸತ್ತವರು ಅದಕ್ಕಿಂತ ಎಷ್ಟೋ ಜಾಸ್ತಿ. 1828ರ ಫೆಬ್ರವರಿಯಲ್ಲಿ ವಾಯವ್ಯದ ಕೇಪ್ ಗ್ರಿಮ್‌ನಲ್ಲಿ ಒಂದು ಕಂಪನಿಯ ನಾಲ್ವರು ಕುರಿಗಾಹಿಗಳು ಸುಮಾರು 30 ಜನರನ್ನು ಕೊಂದರು. ಅದೇ ವರ್ಷ ನವೆಂಬರ್‌ನಲ್ಲಿ ಗವರ್ನರ್ ಜಾರ್ಜ್ ಆರ್ಥರ್ ಸೇನಾ ಕಾನೂನು ಹೇರಿದ. 1830ರಲ್ಲಿ ಜೀವಂತ ಹಿಡಿದು ತಂದರೆ ದೊಡ್ಡವರಿಗೆ 5 ಪೌಂಡ್, ಮಗುವಿಗೆ 2 ಪೌಂಡ್ ಬಹುಮಾನ. ಅಕ್ಟೋಬರ್‌ನಲ್ಲಿ 2,000ಕ್ಕೂ ಹೆಚ್ಚು ಗಂಡಸರನ್ನು ಸಾಲಾಗಿ ನಿಲ್ಲಿಸಿ, ಕಾಡು ಬಯಲುಗಳನ್ನು ಗುಡಿಸುತ್ತಾ ಜನರನ್ನು ಆಗ್ನೇಯದ ಮೂಲೆಗೆ ಅಟ್ಟಲು ಹೊರಟ. ಸಿಕ್ಕವರು ಇಬ್ಬರು, ಸತ್ತವರು ಇಬ್ಬರು. ಉಳಿದವರು ಸಾಲಿನ ಸಂದಿಯಲ್ಲೇ ನುಸುಳಿ ಹೋಗಿದ್ದರು. ಅವರಿಗೆ ಗೊತ್ತಿದ್ದ ನೆಲ ಅದು.

ಆ ಹೊತ್ತಿನ ಒಂದು ವಸ್ತು ಈಗಲೂ ಮ್ಯೂಸಿಯಂಗಳಲ್ಲಿ ಇದೆ. ಆರ್ಥರ್ ಮಾಡಿಸಿ ಮರಗಳಿಗೆ ತೂಗುಹಾಕಿಸಿದ ಮರದ ಹಲಗೆ. ಓದು ಬಾರದವರಿಗೆ ಅರ್ಥವಾಗಲಿ ಎಂದು ನಾಲ್ಕು ಸಾಲು ಚಿತ್ರ. ಮೇಲೆ ಕರಿಯರೂ ಬಿಳಿಯರೂ ಒಂದೇ ಥರದ ಬಟ್ಟೆ ಹಾಕಿ ಕೈ ಕೈ ಹಿಡಿದಿದ್ದಾರೆ. ಎರಡನೇ ಸಾಲಿನಲ್ಲಿ ಗವರ್ನರ್ ಕೈ ಕುಲುಕುತ್ತಿದ್ದಾನೆ. ಮೂರನೆಯದರಲ್ಲಿ ಮೂಲನಿವಾಸಿ ಈಟಿಯಿಂದ ಬಿಳಿಯನನ್ನು ಕೊಲ್ಲುತ್ತಾನೆ, ಅವನಿಗೆ ಗಲ್ಲು. ನಾಲ್ಕನೆಯದರಲ್ಲಿ ಬಿಳಿಯ ಗುಂಡಿಟ್ಟು ಮೂಲನಿವಾಸಿಯನ್ನು ಕೊಲ್ಲುತ್ತಾನೆ, ಅವನಿಗೂ ಗಲ್ಲು. ಚಿತ್ರ ನೋಡಲು ನ್ಯಾಯವಾಗಿಯೇ ಇದೆ. ಮೂರನೇ ಸಾಲು ನಡೆಯಿತು. 1825 ಮತ್ತು 1826ರಲ್ಲೇ ನಾಲ್ವರು ಮೂಲನಿವಾಸಿಗಳನ್ನು ಹೋಬಾರ್ಟ್‌ನಲ್ಲಿ ಗಲ್ಲಿಗೇರಿಸಿದ್ದರು. ನಾಲ್ಕನೇ ಸಾಲು ನಡೆಯಲೇ ಇಲ್ಲ. ಮೂಲನಿವಾಸಿಯನ್ನು ಕೊಂದದ್ದಕ್ಕೆ ಈ ದ್ವೀಪದಲ್ಲಿ ಒಬ್ಬ ಬಿಳಿಯನಿಗೂ ಗಲ್ಲಾಗಲಿಲ್ಲ.

ಬಂದೂಕಿನಿಂದ ಆಗದ್ದನ್ನು ಮಾತಿನಿಂದ ಮಾಡಿದವನು ಜಾರ್ಜ್ ಅಗಸ್ಟಸ್ ರಾಬಿನ್ಸನ್. ಮನೆ ಕಟ್ಟುವ ಕೆಲಸದವನು, ದೈವಭಕ್ತ. 1830ರಿಂದ ನಡೆದೇ ದ್ವೀಪ ಸುತ್ತಿ, ಟ್ರುಗಾನಿನಿಯಂಥವರನ್ನು ಜತೆಗಿಟ್ಟುಕೊಂಡು, ಉಳಿದ ಜನರನ್ನು ಮಾತಾಡಿಸಿ ಒಪ್ಪಿಸಿದ. ಈಶಾನ್ಯದ ಮುಖಂಡ ಮನ್ನಲರ್ಗೆನ್ನಾಗೆ ನಿಮ್ಮ ನಾಡಿನಲ್ಲೇ ಇರಲು ಬಿಡುತ್ತೇವೆ ಎಂದು ಮಾತು ಕೊಟ್ಟ. ಮಾತು ಉಳಿಸಿಕೊಳ್ಳಲಿಲ್ಲ. ಎಲ್ಲರನ್ನೂ ಬಾಸ್ ಜಲಸಂಧಿಯ ಫ್ಲಿಂಡರ್ಸ್ ದ್ವೀಪಕ್ಕೆ, ವೈಬಲೆನ್ನಾ ಎಂಬಲ್ಲಿಗೆ ಒಯ್ದರು. ಮನ್ನಲರ್ಗೆನ್ನಾ 1835ರಲ್ಲಿ ಅಲ್ಲೇ ಸತ್ತ. ಶ್ವಾಸಕೋಶದ ಕಾಯಿಲೆಗಳು ಒಬ್ಬೊಬ್ಬರನ್ನಾಗಿ ತಿಂದವು. 1847ರಲ್ಲಿ ಆ ಬಿಡಾರ ಮುಚ್ಚಿದಾಗ ಉಳಿದದ್ದು 47 ಜನ.

ಆದರೆ ವೈಬಲೆನ್ನಾ ಎಂದರೆ ಸಾವಿನ ಲೆಕ್ಕ ಮಾತ್ರ ಅಲ್ಲ. ವಾಲ್ಟರ್ ಜಾರ್ಜ್ ಆರ್ಥರ್ ಎಂಬ ಹುಡುಗ ಅಲ್ಲಿ ಇನ್ನೊಬ್ಬನ ಜತೆ ಸೇರಿ ಕೈಬರಹದ ಪತ್ರಿಕೆ ಬರೆಯುತ್ತಿದ್ದ. ದೊಡ್ಡವನಾದ ಮೇಲೆ 1846ರಲ್ಲಿ ಎಂಟು ಗಂಡಸರು ಸೇರಿ ವಿಕ್ಟೋರಿಯಾ ರಾಣಿಗೆ ಮನವಿ ಬರೆದರು. ನಾವು ಸೆರೆ ಸಿಕ್ಕವರಲ್ಲ, ಗವರ್ನರ್ ಜತೆ ಮಾತಾಡಿ ಒಪ್ಪಂದದ ಮೇಲೆ ನಾಡು ಬಿಟ್ಟುಕೊಟ್ಟವರು, ನಮ್ಮ ಕಡೆಯಿಂದ ನಾವು ಮಾತು ಉಳಿಸಿಕೊಂಡಿದ್ದೇವೆ, ಈ ಕ್ರೂರ ಅಧಿಕಾರಿಯನ್ನು ಮತ್ತೆ ನಮ್ಮ ಮೇಲೆ ಕಳಿಸಬೇಡಿ ಎಂಬುದು ಅದರ ಸಾರ. ಬರೆದದ್ದಕ್ಕೆ ವಾಲ್ಟರ್‌ನನ್ನು ಜೈಲಿಗೆ ಹಾಕಿದರು. ಆದರೂ ವಿಚಾರಣೆ ನಡೆದು ಆ ಅಧಿಕಾರಿ ಹೋದ.

ಸಹಿ ಮಾಡಿದವರ ಪಟ್ಟಿಯಲ್ಲಿ ಒಂದು ಹೆಸರು ನನ್ನನ್ನು ಹಿಡಿದು ನಿಲ್ಲಿಸಿತು. ಕಿಂಗ್ ಟಿಪ್ಪೂ. ರಾಬಿನ್ಸನ್ ಎಲ್ಲರ ಹೆಸರು ಕಿತ್ತುಹಾಕಿ ನೆಪ್ಚೂನ್, ವಾಷಿಂಗ್ಟನ್, ಅಲೆಕ್ಸಾಂಡರ್ ಎಂದೆಲ್ಲ ಇಟ್ಟಿದ್ದ. ಹಾಗೆ 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರ ಎದುರು ಸತ್ತವನ ಹೆಸರು ಇಲ್ಲಿ, ಭೂಮಿಯ ಈ ತುದಿಯಲ್ಲಿ, ಅವರದೇ ಸೆರೆಯಲ್ಲಿದ್ದ ಒಬ್ಬನಿಗೆ ಬಂತು. ಆತ ಆ ಹೆಸರಿನಲ್ಲೇ ರಾಣಿಗೆ ಬರೆದ. ಅದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಇನ್ನು ಉಳಿದವರ ವಿಷಯ. 1798ರಿಂದಲೇ ಬಾಸ್ ಜಲಸಂಧಿಗೆ ಸೀಲ್ ಬೇಟೆಗಾರರು ಬಂದಿದ್ದರು. ಅವರು ಕರಾವಳಿಯಿಂದ ಹೆಂಗಸರನ್ನು ಹೊತ್ತುಕೊಂಡು ಹೋದರು, ಕೆಲವು ಕಡೆ ಕೊಡುಕೊಳ್ಳುವ ಮಾತಿನ ಮೇಲೂ ಕರೆದೊಯ್ದರು. ಆ ಹೆಂಗಸರು ಪಟ್ಟ ಪಾಡು ಓದಲಾಗುವುದಿಲ್ಲ. ಮನ್ನಲರ್ಗೆನ್ನಾನ ಹೆಣ್ಣುಮಕ್ಕಳೂ ಅವರಲ್ಲಿದ್ದರು. ಆದರೆ ದೊಡ್ಡ ದ್ವೀಪದಲ್ಲಿ ನಾಡೇ ಖಾಲಿಯಾಗುತ್ತಿದ್ದಾಗ, ಈ ಸಣ್ಣ ದ್ವೀಪಗಳಲ್ಲಿ ಮಕ್ಕಳನ್ನು ಹೆತ್ತು ಬೆಳೆಸಿದವರು, ಹಕ್ಕಿ ಹಿಡಿಯುವುದನ್ನೂ ಚಿಪ್ಪಿನ ಸರ ಪೋಣಿಸುವುದನ್ನೂ ಕಲಿಸಿದವರು ಅವರೇ. ಇಂದಿನ ಎಷ್ಟೋ ಕುಟುಂಬಗಳು ತಮ್ಮ ಮೂಲವನ್ನು ಮನ್ನಲರ್ಗೆನ್ನಾವರೆಗೆ ಹೇಳುತ್ತವೆ.

ನಮ್ಮ ಡಿಪೋದಲ್ಲಿ ಒಬ್ಬರಿದ್ದಾರೆ, ನನಗಿಂತ ಹಿರಿಯರು. ಅವರ ತಾಯಿಯ ಕಡೆಯವರು ಬಾಸ್ ಜಲಸಂಧಿಯ ಕೇಪ್ ಬ್ಯಾರನ್ ದ್ವೀಪದವರು. ಮಾರ್ಚ್ ಕೊನೆಗೆ ಅವರು ರಜೆ ಹಾಕಿ ಹೊರಟೇಬಿಡುತ್ತಾರೆ. ಅದು ಮಟನ್‌ಬರ್ಡ್ ಕಾಲ. ಇವರ ಭಾಷೆಯಲ್ಲಿ ಯೂಲಾ. ಕಡುಕಂದು ಬಣ್ಣದ ಕಡಲ ಹಕ್ಕಿ. ಸೆಪ್ಟೆಂಬರ್‌ನಲ್ಲಿ ಭೂಮಿಯ ಉತ್ತರದ ತುದಿಯಿಂದ ಹಾರಿ ಬಂದು ಇಲ್ಲಿನ ಮಣ್ಣಿನ ಬಿಲಗಳಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಏಪ್ರಿಲ್ ಹೊತ್ತಿಗೆ ಮರಿ ಕೊಬ್ಬಿ ದುಂಡಗಾಗಿರುತ್ತದೆ. ಹೊಟ್ಟೆ ನೆಲಕ್ಕೆ ತಾಗುವಂತೆ ಮಲಗಿ, ತೋಳು ಪೂರ್ತಿ ಬಿಲದೊಳಗೆ ಹಾಕಿ ತಡಕಬೇಕು. ಒಳಗೆ ಟೈಗರ್ ಹಾವೂ ಇರಬಹುದು. "ಬಿಲ ತಣ್ಣಗಿದ್ದರೆ ಕೈ ತೆಗೆದುಬಿಡು ಅಂತ ಅಜ್ಜಿ ಹೇಳಿಕೊಟ್ಟಿದ್ದು" ಎಂದು ಅವರು ಹೇಳುತ್ತಾರೆ. ಹಿಡಿದ ಹಕ್ಕಿಗಳನ್ನು ಉದ್ದ ಕೋಲಿಗೆ ಪೋಣಿಸಿ ಹೆಗಲ ಮೇಲೆ ಹೊತ್ತು ಶೆಡ್ಡಿಗೆ ತರುತ್ತಾರೆ. ಎಣ್ಣೆ ಹಿಂಡುವುದು, ಪುಕ್ಕ ತೆಗೆಯುವುದು, ಬಿಸಿನೀರಿಗೆ ಅದ್ದುವುದು, ಉಪ್ಪು ಹಾಕಿ ಪೀಪಾಯಿಗೆ ತುಂಬುವುದು. ಒಂದೊಂದು ಕೆಲಸಕ್ಕೆ ಒಬ್ಬೊಬ್ಬರು, ಮಕ್ಕಳು ಮೊಮ್ಮಕ್ಕಳು ಎಲ್ಲ ಸೇರಿ. ವಾಪಸ್ ಬಂದ ವಾರ ಅವರ ಜಾಕೆಟ್ಟಿನಿಂದ ಆ ಎಣ್ಣೆಯ ವಾಸನೆ ಹೋಗಿರುವುದಿಲ್ಲ. ಒಮ್ಮೆ ನನಗೂ ಕೊಟ್ಟರು. ಮೀನಿನ ರುಚಿ, ಮಾಂಸದ ಹದ, ಕೈಯೆಲ್ಲ ಜಿಡ್ಡು. ಅವರು ಎದುರಿಗೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

ಇಂಥ ಜನರನ್ನು ಸರ್ಕಾರ ಬಹಳ ಕಾಲ ಏನೆಂದು ಕರೆಯಿತು ಅಂದರೆ, ಬೆರಕೆ. 1912ರ ಕೇಪ್ ಬ್ಯಾರನ್ ದ್ವೀಪದ ಕಾಯಿದೆಯಲ್ಲಿ ಬಳಸಿದ್ದು ಅದೇ ಅರ್ಥದ ಮಾತು. ಪೂರ್ತಿ ರಕ್ತದವರು ಸತ್ತರು, ಇವರು ಅರ್ಧ, ಆದ್ದರಿಂದ ಇವರು ಮೂಲನಿವಾಸಿಗಳಲ್ಲ ಎಂಬ ಲೆಕ್ಕ. ಆದರೆ ಮನೆಯಿಂದ ಮಕ್ಕಳನ್ನು ಕಿತ್ತುಕೊಂಡು ಹೋಗುವಾಗ ಮಾತ್ರ ಅದೇ ಸರ್ಕಾರಕ್ಕೆ ಇವರು ಯಾರೆಂದು ಚೆನ್ನಾಗಿಯೇ ಗೊತ್ತಿತ್ತು. ಆ ಮಕ್ಕಳಿಗೆ ಪರಿಹಾರ ಕೊಡುವ ಕಾನೂನು ಬಂದದ್ದು 2006ರಲ್ಲಿ, 50 ಲಕ್ಷ ಡಾಲರ್. ಆಸ್ಟ್ರೇಲಿಯಾದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದು. ಅದನ್ನೂ ಹೇಳಬೇಕು.

ರಕ್ತದ ಆ ಲೆಕ್ಕ ಎಷ್ಟು ಸುಳ್ಳು ಎಂಬುದಕ್ಕೆ ಫ್ಯಾನಿ ಕೊಕ್ರೇನ್ ಸ್ಮಿತ್ ಒಬ್ಬರೇ ಸಾಕು. ವೈಬಲೆನ್ನಾದಲ್ಲಿ 1834ರಲ್ಲಿ ಹುಟ್ಟಿದವರು. ಕೈದಿಯಾಗಿ ಬಂದು ಬಿಡುಗಡೆಯಾದ ಮರ ಕೊಯ್ಯುವವನೊಬ್ಬನನ್ನು ಮದುವೆಯಾಗಿ ಹನ್ನೊಂದು ಮಕ್ಕಳನ್ನು ಹೆತ್ತರು. ಹೋಬಾರ್ಟ್‌ನ ದಕ್ಷಿಣಕ್ಕೆ ನಿಕೋಲ್ಸ್ ರಿವುಲೆಟ್‌ನಲ್ಲಿ ಅವರ ಮನೆ. ಟ್ರುಗಾನಿನಿಯೇ ಕೊನೆ ಎಂದ ಸರ್ಕಾರ ಇವರಿಗೆ 300 ಎಕರೆ ಕೊಟ್ಟಿತು. ಅದರಲ್ಲಿ ಚರ್ಚಿಗೂ ಜಾಗ ಬಿಟ್ಟುಕೊಟ್ಟರು. 1899ರಲ್ಲಿ ಮತ್ತು 1903ರಲ್ಲಿ ಮೇಣದ ಸಿಲಿಂಡರ್‌ಗಳ ಮೇಲೆ ಅವರ ಹಾಡು ದಾಖಲಾಯಿತು. 1903ರ ಒಂದು ಫೋಟೋ ಇದೆ. ಹ್ಯಾಟ್ ತೊಟ್ಟು, ಮುಖವನ್ನು ಫೋನೋಗ್ರಾಫಿನ ಕಹಳೆಗೆ ಹತ್ತಿರ ತಂದು ಹಾಡುತ್ತಿದ್ದಾರೆ. ಇಲ್ಲಿನ ಮೂಲ ಭಾಷೆಗಳ ದನಿ ಬೇರೆಲ್ಲೂ ದಾಖಲಾಗಿಲ್ಲ. ಕೇಳಿದ್ದೇನೆ. ಕರಕರ ಸದ್ದಿನ ಹಿಂದೆ ಗಟ್ಟಿ ಗಂಟಲು, ಸ್ವಲ್ಪವೂ ಅಳುಕಿಲ್ಲ. 1905ರಲ್ಲಿ ತೀರಿಕೊಂಡರು, ಅಂದರೆ "ಕೊನೆಯವರು" ಸತ್ತು ಸುಮಾರು 29 ವರ್ಷದ ಮೇಲೆ. ಅವರ ಮಕ್ಕಳ ಮಕ್ಕಳು ಇಂದಿಗೂ ಆ ಕಡೆಯ ಊರುಗಳಲ್ಲಿದ್ದಾರೆ. ಒಡೆದ ಭಾಷೆಗಳ ಚೂರುಗಳನ್ನು ಆಯ್ದು ಜೋಡಿಸಿದ ಪಲವಾ ಕಾನಿ ಎಂಬ ಭಾಷೆಯನ್ನು ಈಗ ಮಕ್ಕಳಿಗೆ ಕಲಿಸುತ್ತಾರೆ.

1977ರಲ್ಲಿ ಎಲಿಜಬೆತ್ ರಾಣಿ ಬಂದಾಗ ಇಲ್ಲಿನ ಮೂಲನಿವಾಸಿ ಹೋರಾಟಗಾರ ಮೈಕೆಲ್ ಮ್ಯಾನ್ಸೆಲ್ ಮತ್ತೆ ಒಂದು ಮನವಿ ಕೊಟ್ಟರು, ಭೂಮಿಯ ಹಕ್ಕಿಗಾಗಿ. 1995ರ ಕಾನೂನಿನ ಪ್ರಕಾರ ಹನ್ನೆರಡು ಜಾಗ ವಾಪಸ್ ಬಂತು. ರಿಸ್ಡನ್ ಕೋವ್, ಆಯ್ಸ್ಟರ್ ಕೋವ್ ಅದರಲ್ಲಿವೆ. 1999ರಲ್ಲಿ ವೈಬಲೆನ್ನಾ, 2005ರಲ್ಲಿ ಕೇಪ್ ಬ್ಯಾರನ್. ಎಲ್ಲ ಸೇರಿಸಿದರೂ ದ್ವೀಪದ ನೆಲದ ಶೇಕಡ 1 ಕೂಡ ಆಗುವುದಿಲ್ಲ. 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಮತ್ತು ರಾಯಲ್ ಸೊಸೈಟಿ ಎಲುಬುಗಳ ವಿಷಯಕ್ಕೆ ಕ್ಷಮೆ ಕೇಳಿದವು. ಅದೇ ವರ್ಷ ಸರ್ಕಾರವೇ ಕೇಳಿ ಬರೆಸಿದ ವರದಿ, ಸತ್ಯ ಹೇಳಿಸುವ ಆಯೋಗ ಬೇಕು, ಒಪ್ಪಂದ ಬೇಕು ಎಂದಿತು. ವಾಲ್ಟರ್ ಮತ್ತು ಕಿಂಗ್ ಟಿಪ್ಪೂ 1846ರಲ್ಲಿ ಒಪ್ಪಂದ ಆಗಿದೆ ಎಂದೇ ತಿಳಿದಿದ್ದರು. ಇವರು ಹೊಸದೇನೂ ಕೇಳುತ್ತಿಲ್ಲ.

ಆದ್ದರಿಂದ ಹೋಬಾರ್ಟ್‌ಗೆ ಬರುವವರಿಗೆ ನನ್ನದೊಂದು ಕೋರಿಕೆ. ಪೋರ್ಟ್ ಆರ್ಥರ್‌ಗೆ ಹೋಗಿ, ಬೇಡ ಅನ್ನುವುದಿಲ್ಲ. ಅದಕ್ಕೆ ಮುಂಚೆ ಬಂದರಿನ ಪಕ್ಕದ ಮ್ಯೂಸಿಯಂಗೆ ಹೋಗಿ, ಟಿಕೆಟ್ ಇಲ್ಲ. ಮೂಲನಿವಾಸಿಗಳ ಗ್ಯಾಲರಿಯಲ್ಲಿ ತೊಗಟೆಯ ದೋಣಿ ಇದೆ, 2007ರಲ್ಲಿ ಅವರೇ ಮತ್ತೆ ಕಟ್ಟಿದ್ದು. ಚಿಪ್ಪಿನ ಸರಗಳ ಮುಂದೆ ನಿಧಾನವಾಗಿ ನಿಲ್ಲಿ. ಹಸಿರು, ನೀಲಿ, ಗುಲಾಬಿ ಎಲ್ಲ ಒಂದೇ ಚಿಪ್ಪಿನಲ್ಲಿ ಹೊಳೆಯುತ್ತವೆ. ಪ್ರತಿ ಚಿಪ್ಪೂ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹೊರಗಿನ ಒರಟು ಪದರ ತೆಗೆದು, ತೂತು ಕೊರೆದು, ಒಂದೊಂದನ್ನೇ ಪೋಣಿಸಿದ್ದು. ಹಳೆಯ ಸರದ ಪಕ್ಕದಲ್ಲಿ ಹೊಸ ಸರ ಇದೆ, ಮಾಡಿದವರ ಹೆಸರಿನ ಸಮೇತ. ರಿಸ್ಡನ್ ಕೋವ್ ನೋಡಬೇಕು ಅಂದರೆ ಅದು ಈಗ ಅವರ ಜಮೀನು, ಒಳಗೆ ಹೋಗುವ ಮುಂಚೆ ಕೇಳಿ. ದಾರಿ ತೋರಿಸಲು ನಾನು ಬರುತ್ತೇನೆ, ಯಾವ ವಾರ ಅಂತ ಮೊದಲೇ ತಿಳಿಸಿ. ಏಪ್ರಿಲ್ ಮಾತ್ರ ಬೇಡ. ಆ ತಿಂಗಳು ಡಿಪೋದ ಹಿರಿಯರ ಶಿಫ್ಟೂ ನನ್ನ ಪಾಲಿಗೇ ಇರುತ್ತದೆ.